ಒಂದು ಗೇಣು ಎಡಕ್ಕೆ

ಧಪ್! ಅದರ ಬೆನ್ನಿಗೇ ಚೀಲದೊಳಗಿನ ಹುಣಸೆಬೀಜಗಳು ಮಗ್ಗಲು ಬದಲಿಸುವ ಸಣ್ಣ ಸರಸರ. ಕಳೆದ ಬೇಸಿಗೆಯನ್ನು ನೆನೆದಾಗಲೆಲ್ಲ ನನ್ನ ಕಿವಿಗೆ ಮೊದಲು ಬರುವುದು ಈ ಸದ್ದು. ಬೈಲಹೊಂಗಲದ ನಮ್ಮ ಮನೆಯ ಹಿತ್ತಲಿನಲ್ಲಿ, ಹಳೆಯ ಬಚ್ಚಲಮನೆಯ ಬಾಗಿಲಿನ ಮೇಲೆ, ಅಂಗೈಯಗಲದ ಬಟ್ಟೆಚೀಲಗಳು ಬಂದು ಬೀಳುತ್ತಿದ್ದ ಸದ್ದು. ಬಾಗಿಲಿನ ಮೇಲೆ ಚೀಲ ಯಾಕೆ ಬೀಳಬೇಕು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ.

ಆಗ ನನ್ನ ಬಲಭುಜ ಹಟ ಹಿಡಿದಿತ್ತು. ಡಾಕ್ಟರು ಅದನ್ನು ‘ಫ್ರೋಜನ್ ಶೋಲ್ಡರ್’ ಎಂದರು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಫ್ರೋಜನ್ ಆಗಿ ಉಳಿದದ್ದು ಅದೊಂದೇ ಇದ್ದೀತು. ದಿನಾ ಕೈ ಬೀಸಬೇಕೆಂದು ಅಪ್ಪಣೆಯಾಯಿತು. ಆದರೆ ಗುರಿಯಿಲ್ಲದೆ ಕೈ ಬೀಸುವುದು ನನ್ನ ಕಾನ್ವೆಂಟ್ ಸಂಸ್ಕಾರಕ್ಕೆ ಒಗ್ಗದ ಸಂಗತಿ. ಬೆಳಗಾವಿಯ ಶಾಲೆಯ ಮೈದಾನದಲ್ಲಿ ನಮ್ಮ ಸಿಸ್ಟರ್ ಸೀಟಿ ಊದಿ, “ಐಸ್ ಆನ್ ದ ಟಾರ್ಗೆಟ್, ಗರ್ಲ್ಸ್!” ಎಂದು ಕೂಗುತ್ತಿದ್ದುದು ಅರವತ್ತು ವರ್ಷಗಳ ಮೇಲೂ ನನ್ನ ಬೆನ್ನನ್ನು ನೆಟ್ಟಗೆ ನಿಲ್ಲಿಸುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಿತು: ದೂರದ ಯಾವುದೋ ದೇಶದ ದಡೂತಿ ಗಂಡಸರು ಇಳಿಜಾರು ಹಲಗೆಯ ತೂತಿಗೆ ಚೀಲ ಎಸೆದು, ಯುದ್ಧ ಗೆದ್ದವರಂತೆ ಅಪ್ಪಿಕೊಳ್ಳುತ್ತಿದ್ದರು. ಇಷ್ಟಕ್ಕೆ ಅಷ್ಟು ದೂರದ ದೇಶವೇಕೆ, ನಮ್ಮಲ್ಲಿ ಬಚ್ಚಲಮನೆಯಿಂದ ಕಿತ್ತಿಟ್ಟ ಬಾಗಿಲಿದೆ ಎಂದುಕೊಂಡೆ.

ಬಡಿಗೇರನನ್ನು ಕರೆಸಿ, ನಾಷ್ಟಾದ ತಾಟನ್ನು ಬಾಗಿಲಿನ ಮೇಲೆ ಬೋರಲಿಟ್ಟು ಅಳತೆ ತೋರಿಸಿದೆ.

“ಗಟ್ಟಿ ಬಾಗಲಾ ಐತ್ರಿ ಅವ್ವಾರ, ತೂತ ಯಾಕ್ರಿ? ಬೆಕ್ಕ ಅಡ್ಡ್ಯಾಡಾಕೇನ್ರಿ?”

“ಆಟಕ್ಕೋ ಮಾರಾಯಾ.”

“ಯಾರ್ ಆಡಾವ್ರು?”

“ನಾನೇ.”

ಅವನು ನನ್ನನ್ನು ನೋಡಿದ, ಬಾಗಿಲನ್ನು ನೋಡಿದ, ಆಮೇಲೆ ಬಾಗಿಲಿಗಾಗಿ ಮರುಗುತ್ತ ತೂತು ಕೊರೆದು, ಅದನ್ನು ಹಿತ್ತಲ ಗೋಡೆಗೆ ಇಳಿಜಾರಾಗಿ ಆನಿಸಿಟ್ಟ.

ಚೀಲಕ್ಕೆ ಬಟ್ಟೆಯ ಚಿಂತೆಯಿರಲಿಲ್ಲ. ನಮ್ಮ ಕಡೆ ಯಾವ ಶುಭಕಾರ್ಯಕ್ಕೆ ಹೋದರೂ ಒಂದು ಕುಬಸದ ಖಣ ಕೈಗೆ ಬರುತ್ತದೆ. ಅದನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿ ಕೆಲವು ಕಾಲ ವಿಶ್ರಾಂತಿ ಕೊಟ್ಟು ಮುಂದಿನ ಮನೆಗೆ ದಾಟಿಸುತ್ತಾರೆ. ನಾನೇ ಕೊಟ್ಟ ಹಸಿರು ಖಣವೊಂದು ಊರೆಲ್ಲ ತಿರುಗಿ, ಎಲ್ಲರ ಆದರವನ್ನೂ ಹೊತ್ತು, ಮೂರು ವರ್ಷಕ್ಕೆ ನನಗೇ ಮರಳಿತ್ತು. ಅಂಚಿನ ಇಸ್ತ್ರಿಯ ಕಲೆಯಿಂದ ಗುರುತು ಹಿಡಿದೆ. ಆ ಅಲೆಮಾರಿಗೂ ಅದರ ಬಳಗಕ್ಕೂ ಕೊನೆಗೊಂದು ಉದ್ಯೋಗ ಸಿಕ್ಕಿತು: ಆರು ಹಸಿರು ಚೀಲ, ಆರು ಕೆಂಪು.

ಒಳಗೆ ಜೋಳ ತುಂಬಲು ಹೊರಟಾಗ ನೀಲವ್ವ ತಡೆದಳು. ನೀಲವ್ವ ನಲವತ್ತು ವರ್ಷದಿಂದ ಬೆಳಿಗ್ಗೆ ನಮ್ಮ ಮನೆಗೆ ಬಂದು ಕಾಳು ಹಸನು ಮಾಡಿ ರೊಟ್ಟಿ ಬಡಿಯುವವಳು. ಹೆಚ್ಚು ಕಡಿಮೆ ನನ್ನದೇ ವಯಸ್ಸು.

“ಜ್ವಾಳಾ ಒಗದ್ ಆಡ್ತೀರೇನ್ರಿ ಅಕ್ಕಾರ? ಕಾಲಾಗ ಬಿದ್ರ? ಪ್ರತಿ ಸಲ ಬಗ್ಗಿ ಕಣ್ಣಿಗೆ ಒತ್ತಿಕೊಳ್ಳೂದ್ರಾಗ ಹೊತ್ತ ಮುಣಗತೈತಿ!”

ಸರಿಯೆನಿಸಿತು. ಹುಣಸೆಬೀಜ ತುಂಬಿದೆವು.

ಆಟ ಸುರುವಾಯಿತು. ಹದಿನೈದು ಹೆಜ್ಜೆ ದೂರ, ಸುಣ್ಣ ಬಳಿದ ಬಾಗಿಲ ಹಲಗೆ, ಪ್ರತಿಯೊಬ್ಬರಿಗೂ ಆರು ಚೀಲ, ತೂತಿಗೆ ಹೆಚ್ಚು ಹಾಕಿದವರದು ಗೆಲುವು. ನನ್ನ ಸೊಸೆ ಶೈಲಾ ಮೊದಲ ದಿನವೇ ಮೂರನ್ನು ಕರಿಬೇವಿನ ಗಿಡಕ್ಕೆ ಎಸೆದು, “ಅತ್ತೀ, ನಿಮ್ಮ ಮುಂದ ನಮ್ದೇನ್ ನಡಿತೈತ್ರಿ!” ಎಂದಳು. ಮಗ ಸೋತ. ಬೀಗರು ಸೋತರು. ಮಾತನಾಡಿಸಲು ಬಂದ ಪಕ್ಕದ ಮನೆಯವರು ಚಹಾ ಕುಡಿದು, ಸೋತು, ಹೋದರು. ನೀಲವ್ವ ದಿನಾ ರೊಟ್ಟಿಯ ಹಿಟ್ಟಿನ ಕೈ ತೊಳೆದು ಬಂದು ಸೋಲುತ್ತಿದ್ದಳು. ಮನೋಳಿಯಲ್ಲಿ ಹುಡುಗಿಯಾಗಿದ್ದಾಗ ಜೋಳದ ಹೊಲದ ಅಟ್ಟದ ಮೇಲೆ ನಿಂತು, ಕವಣೆ ಬೀಸಿ, ಹಾರುವ ಹಕ್ಕಿಯ ಮೂಗಿನ ಮುಂದೆಯೇ ಕಲ್ಲು ದಾಟಿಸುತ್ತಿದ್ದೆನೆಂದು ಅವಳು ಹೇಳಿಕೊಂಡದ್ದುಂಟು. ಪಾಪ, ಹಳೆಯ ಬಡಾಯಿ ಎಂದು ಕ್ಷಮಿಸಿದ್ದೆ. ಒಂದು ತಿಂಗಳು ನಾನು ಅಜೇಯಳು. ‘ವಿನ್ನಿಂಗ್ ಈಸ್ ನಾಟ್ ಎವ್ರಿಥಿಂಗ್’ ಎಂದು ಉಪದೇಶಿಸುವ ಸುಖ ಗೆದ್ದವರಿಗೆ ಮಾತ್ರ ದಕ್ಕುತ್ತದೆ ನೋಡಿ. ಅದನ್ನು ಹೊಟ್ಟೆತುಂಬ ಉಂಡೆ.

ಆಮೇಲೊಂದು ದಿನ ಹಲಗೆಗೆ ಹೊಸದಾಗಿ ಸುಣ್ಣ ಬಳಿಸಿ, ಅದು ಆರುವಷ್ಟು ತಾಳ್ಮೆಯಿಲ್ಲದೆ ಆಡಿದೆವು. ಹಸಿ ಸುಣ್ಣಕ್ಕೆ ಖಣ ಬಣ್ಣ ಬಿಟ್ಟಿತು. ಎಂದಿನಂತೆ ಗೆದ್ದು ಹತ್ತಿರ ಹೋಗಿ ನೋಡುತ್ತೇನೆ: ನನ್ನ ಹಸಿರು ಗುರುತುಗಳು ದಡಾರ ಎದ್ದ ಮೈಯ ಹಾಗೆ ಹಲಗೆಯ ತುಂಬ ಚದುರಿವೆ. ನೀಲವ್ವನ ಕೆಂಪು ಆರೂ ಒಂದೇ ಕಡೆ, ತೂತಿನಿಂದ ಒಂದು ಗೇಣು ಎಡಕ್ಕೆ, ಒಂದರ ಮೇಲೊಂದು. ಎಲ್ಲ ಸೇರಿ ಒಂದು ಸಣ್ಣ ರೊಟ್ಟಿಯಗಲವಿಲ್ಲ.

ಅಷ್ಟು ಕರಾರುವಾಕ್ಕಾಗಿ ತಪ್ಪಬಲ್ಲವಳು ಏನನ್ನು ಬೇಕಾದರೂ ಹೊಡೆಯಬಲ್ಲಳು. ನಾನು ಅಲ್ಲಿಯೇ ಹಾಸುಗಲ್ಲಿನ ಮೇಲೆ ಕುಳಿತುಬಿಟ್ಟೆ. ನಮ್ಮಲ್ಲಿ ಮರ್ಯಾದೆ ಎನ್ನುವುದು ಹಿರಿಯರಿಗೆ ನಿಜ ತಾಗದಂತೆ ಎಡಕ್ಕೆ ಸರಿಸಿ ಎಸೆಯುವ ವಿದ್ಯೆ. ಅದರಲ್ಲಿ ನಮ್ಮ ಇಡೀ ತಾಲೂಕು ಪರಿಣತವಾಗಿದೆ. ಹಾಗಾದರೆ ಎಲ್ಲರೂ ಹೊಗಳಿ, ಎರಡನೆಯ ಸಲ ಬೇಡವೆಂದ ನನ್ನ ಕ್ಯಾರಮೆಲ್ ಪುಡ್ಡಿಂಗ್? ಪ್ರತಿ ಮದುವೆಮನೆಯಲ್ಲೂ ಜನ ಕೇಳಿ ಹಾಡಿಸುತ್ತಿದ್ದ ನನ್ನ ಇಂಗ್ಲಿಷ್ ಹಾಡು? ಬಾಳಿನಲ್ಲಿ ನಾನು ಗೆದ್ದೆನೆಂದುಕೊಂಡದ್ದರಲ್ಲಿ ಎಷ್ಟನ್ನು ಜನ ಬಿಟ್ಟುಕೊಟ್ಟಿದ್ದರು? ಒಂದೇ ಒಂದು ಖರೇ ಆಟ ಬೇಕೆನಿಸಿತು, ಅದೂ ನೀಲವ್ವನಿಂದಲೇ. ಎಷ್ಟು ಬೇಕೆನಿಸಿತೆಂದರೆ ಆ ರಾತ್ರಿಯ ಊಟ ಸೇರಲಿಲ್ಲ.

ಮರುದಿನ ಕೇಳಿದೆ. “ಖರೇ ಹೇಳು, ಬೇಕಂತ ತಪ್ಪಸ್ತೀ ಹೌದಿಲ್ಲೋ?”

“ಗೆದ್ದ್ ನಾ ಏನ್ ಮಾಡ್ಲಿರಿ ಅಕ್ಕಾರ? ಮರುದಿನ ಮತ್ತ ನಿಮ್ಮ ಒಲಿ ಮುಂದ ಬಂದ ಕುಂದರಬೇಕಲ್ಲ.”

“ಇವತ್ತ ನೀ ಗೆಲ್ಲಬೇಕು ನೋಡು. ನಾ ಹೇಳಾಕತ್ತೇನಿ.”

ಆ ದಿನ ನನಗೆ ಎರಡು ಬಿದ್ದವು, ಅವಳಿಗೆ ಸರಿಯಾಗಿ ಮೂರು. “ಸಾಕೇನ್ರಿ?” ಎಂದು ಕೇಳಿ ಅಡುಗೆಮನೆಗೆ ಹೋದಳು, ಸಾರಿಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ. ಸೋಲಿಸು ಎಂಬ ನನ್ನ ಅಪ್ಪಣೆಯನ್ನೂ ಪಾಲಿಸಿದ್ದಳು, ಅಷ್ಟೇ. ಯಜಮಾನಿಕೆ ಎಂಥ ರೋಗವೆಂದರೆ, ಸೋಲನ್ನು ಕೂಡ ನಾವು ಆರ್ಡರ್ ಮಾಡಿಯೇ ತರಿಸಿಕೊಳ್ಳುತ್ತೇವೆ.

ಜೂನಿನಲ್ಲಿ ರಾಮದುರ್ಗದಲ್ಲಿರುವ ನೀಲವ್ವನ ಮಗಳು ಅವಳನ್ನು ತನ್ನಲ್ಲಿಗೆ ಕರೆದಳು, ಇನ್ನು ದುಡಿದದ್ದು ಸಾಕೆಂದು. ಕೊನೆಯ ದಿನ ಬೆಳಿಗ್ಗೆ ಅವಳು ಗಂಟು ಹಿಡಿದು ಬಂದಳು. ಅಡುಗೆಮನೆಗೆ ಹೋಗಲಿಲ್ಲ. ಗಂಟನ್ನು ಹಾಸುಗಲ್ಲಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಕೆಂಪು ಚೀಲಗಳನ್ನು ಎತ್ತಿಕೊಂಡು, “ಬರ್ರಿ” ಎಂದಳು. ನಾನು ಕೇಳಿರಲಿಲ್ಲ.

ನಾನು ಜೀವ ಕೈಯಲ್ಲಿ ಹಿಡಿದು ಎಸೆದೆ. ಮೂರು ಬಿದ್ದವು, ಆ ಬೇಸಿಗೆಯಲ್ಲೇ ನನ್ನ ಒಳ್ಳೆಯ ಆಟ. ಅವಳು ನಿಂತಲ್ಲಿಂದ ಕದಲದೆ ಆರನ್ನೂ ಹಾಕಿದಳು. ಒಂದಾದರೂ ತೂತಿನ ಅಂಚಿಗೆ ತಾಗಲಿಲ್ಲ.

“ನೀವು ಕೈ ಭಾಳ ಮ್ಯಾಲ ಒಯ್ತೀರಿ. ಮೊದಲಿಂದ ಹಂಗಽ ಮಾಡ್ತೀರಿ,” ಎಂದಳು. ಆ ಜೋಳದ ಮಾತೊಂದನ್ನು ಬಿಟ್ಟರೆ, ನಲವತ್ತು ವರ್ಷಗಳಲ್ಲಿ ಅವಳು ನನ್ನನ್ನು ತಿದ್ದಿದ್ದು ಅದೇ ಮೊದಲು.

ನಾನು ಟ್ರಂಕಿನಿಂದ ಸೀರೆ ತರಲು ಹೊರಟೆ. ನೀಲವ್ವ ತಡೆದಳು: “ಸೀರಿ ಹೋಗಾವರಿಗೆ ಕೊಡೂದು. ಗೆದ್ದಾವರಿಗೆ ಏನ್ ಕೊಡ್ತೀರಿ? ಶೈಲವ್ವಾರ ಮುಂದ ಹೇಳ್ರಿ, ಸಾಕು.”

ಶೈಲಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, “ವೆಲ್ ಪ್ಲೇಡ್, ನೀಲವ್ವ,” ಎಂದೆ.

“ಅದು ಬ್ಯಾಡ್ರಿ. ನನಗ ತಿಳಿಯೂವಂಗ ಹೇಳ್ರಿ.”

ಚಿಕ್ಕ ಮಾತು. ಗಂಟಲಿನಿಂದ ನಾಲಗೆಗೆ ಬರಲು ಅದಕ್ಕೆ ಎಷ್ಟು ದೂರವಿತ್ತೋ! “ಸೋತೆ,” ಎಂದೆ. “ನಿನ್ನ ಮುಂದ ನಾ ಸೋತೆ, ನೀಲವ್ವ.”

ಅವಳು ತಲೆಯಾಡಿಸಿ, ಗಂಟನ್ನು ಕಂಕುಳಿಗೆ ಸೇರಿಸಿದಳು. ನಾನು ಗೇಟಿನವರೆಗೆ ಹೋದೆ. ಓಣಿಯ ತಿರುವಿನಲ್ಲಿ ಹಾಲಿನವಳು ಎಲ್ಲಿಗೆಂದು ಕೇಳಿರಬೇಕು, ನೀಲವ್ವ ನಿಂತು, ಖಾಲಿ ಕೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ ತೋರಿಸಿ, ಹೊಲದಿಂದ ಹೊಲಕ್ಕೆ ಕೂಗಿದವಳ ಗಂಟಲಿನಲ್ಲಿ ಹೇಳಿದಳು: “ರಾಮದುರ್ಗಕ್ಕವ್ವಾ! ಅಕ್ಕಾರನ್ನ ಸೋಲಿಸಿ ಹೊಂಟೇನಿ!”

ಎರಡು ಮನೆಗಳ ಕಿಟಕಿ ತೆರೆದವು. ನಾನು ಗೇಟು ಹಿಡಿದು ನಿಂತೇ ಇದ್ದೆ. ಅವಳು ಹಿಂದಿರುಗಿ ನೋಡದೆ ತಿರುವು ದಾಟಿದಳು. ಆಮೇಲೆ ನಾನು ಅವಳನ್ನು ಕಂಡಿಲ್ಲ.