ಬಾಗಿಲಿಗೆ ಬೆನ್ನು ಕೊಟ್ಟ ಕಾಕು

ಕೂತಾಗಲೂ ಕಾಕುವಿನ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಈಗಲೇ ಎದ್ದು ಓಡಬೇಕೇನೋ ಎನ್ನುವ ಹಾಗೆ ಕುಣಿಯುತ್ತಲೇ ಇರುತ್ತಿತ್ತು. ನಾನು ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಅವರ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದವಳು. ನಾನು ಹುಬ್ಬಳ್ಳಿಯವಳೆಂದು ತಿಳಿದ ದಿನದಿಂದ ಅವರು ನನಗೆ ಕಾಕು, ಅಂದರೆ ಚಿಕ್ಕಮ್ಮ. ಚಹಾ ಸೋಸುವಷ್ಟರಲ್ಲಿ ಮೂರು ಸಲ ಕಿಟಕಿಗೆ ಹೋಗಿ ಬರುತ್ತಿದ್ದರು. ನೋಡಿ ನೋಡಿ ನನಗೇ ತಲೆ ಸುತ್ತುತ್ತಿತ್ತು.

ಅದು ಧಾರವಾಡದಲ್ಲಿ ಅಂಟಿದ ರೋಗವಂತೆ. ಅಲ್ಲಿಗೆ ಓದಲು ಬಂದಿದ್ದ ಕೀನ್ಯಾದ ಕಪ್ಪು ಹುಡುಗನನ್ನು ಮದುವೆಯಾಗಲು ಅವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದರು. ತಕರಾರಿದ್ದವರು ಹೇಳಲೆಂದು ಇಬ್ಬರ ಹೆಸರಿನ ನೋಟೀಸು ಮೂವತ್ತು ದಿನ ಗೋಡೆಯ ಮೇಲಿರಬೇಕಿತ್ತು. ನಾಲ್ಕನೆಯ ದಿನವೇ ಕಾಕುವಿನ ಅಣ್ಣಂದಿರು ಅದನ್ನು ಹರಿದು ಹಾಕಿದರು. ಕಾಕು ಇನ್ನೊಂದು ನೋಟೀಸು ಹಚ್ಚಿಸಿ, ಉಳಿದಷ್ಟೂ ದಿನ ಕಚೇರಿ ತೆರೆದಾಗಿನಿಂದ ಮುಚ್ಚುವ ತನಕ ಅದರೆದುರೇ ಕಾವಲು ನಿಂತರು.

"ಕಾಯ್ದೆ ನಮ್ಮ ಕಡೀಗೇ ಇತ್ತವಾ. ಆದ್ರ ಅದಕ್ಕ ಕೈಕಾಲ ಇದ್ದಿದ್ದಿಲ್ಲ. ನಾವಽ ನಿಂದರಬೇಕಾತು" ಎನ್ನುತ್ತಿದ್ದರು. ಮದುವೆಯಾಗಿ, ಕೆನಡಾಕ್ಕೆ ಬಂದು, ಗಂಡ ತೀರಿಕೊಂಡೂ ಆಯಿತು. ಹಿಮ್ಮಡಿ ಮಾತ್ರ ಇಳಿಯಲಿಲ್ಲ.

ಜಮೈಕಾ ಮೂಲದ ಗೆಳೆಯನನ್ನು ಮದುವೆಯಾಗುತ್ತೇನೆಂದಾಗ ಅಲ್ಲೇ ಹತ್ತಿರದ ಮೆಡೋವೇಲ್‌ನಲ್ಲಿದ್ದ ನನ್ನ ಅಣ್ಣ, "ಮದಿವಿ ದಿನಽ ಬಂದು ಎಳಕೊಂಡ ಹೋಗ್ತೇನಿ" ಎಂದಿದ್ದ. ನನಗೆ ಅದೇ ಭಯ. ಮದುವೆಯ ದಿನ ಸಿಟಿ ಹಾಲಿಗೆ ಸಾಕ್ಷಿಯಾಗಿ ಬಂದ ಕಾಕುಗೆ ಬೇರೆಯೇ ಚಿಂತೆ.

"ನೋಟೀಸ್ ಹಚ್ಚಂಗಿಲ್ಲೇನು? ಇಷ್ಟ ಲಗೂ ಲೈಸೆನ್ಸ್ ಕೊಟ್ರು ಅಂದ್ರ ಏನೋ ಐತಿ!"

ಕುರ್ಚಿ ಕೊಟ್ಟರೂ ಕೂರದೆ, ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಈ ಮದುವೆಗೆ ಕಾನೂನಿನ ಅಡ್ಡಿಯಿಲ್ಲವೆಂದು ಪ್ರಮಾಣ ಮಾಡಬೇಕಾದಾಗ ನನಗೆ ಅಣ್ಣನ ಮಾತು ನೆನಪಾಯಿತು. ತಿರುಗಿ ನೋಡಿದೆ. ಕಾಕುವಿನ ಭುಜಗಳು ಅಲುಗುತ್ತಿದ್ದವು. ಎಂದಿನ ಚಡಪಡಿಕೆ ಎಂದುಕೊಂಡೆ.

"ಯಾರೂ ಬಂದಿಲ್ಲ! ಹೇಳವಾ ನೀ!" ಎಂದು ಗದರಿದರು.

ಹೇಳಿದೆ. ಸಹಿಗೆ ಕರೆದರೆ ಕಾಕು ಕದಲಲಿಲ್ಲ. ಕಾಗದವನ್ನು ಅಲ್ಲಿಗೇ ತರಿಸಿಕೊಂಡರು. ನಾವೆಲ್ಲ ನಕ್ಕೆವು.

ಕಳೆದ ಚಳಿಗಾಲ ಕಾಕು ತೀರಿಕೊಂಡರು. ಬಂದವರನ್ನು ಬರಮಾಡಿಕೊಳ್ಳುತ್ತ ನಾನು ಅಂತ್ಯಕ್ರಿಯೆಯ ಸಭಾಂಗಣದ ಬಾಗಿಲಲ್ಲಿ ನಿಂತಿದ್ದೆ. ಆರು ವರ್ಷ ಮಾತು ಬಿಟ್ಟಿದ್ದ ಅಣ್ಣ ಬಂದ. ಒಳಗೆ ಕಾಲಿಡದೆ ನೆಲ ನೋಡುತ್ತ ಹೇಳಿದ:

"ಅವತ್ತ ನಾ ಬಂದಿದ್ದೆ. ಎಷ್ಟ ನೂಕಿದ್ರೂ ಬಾಗಲಾ ಬಿಡಲಿಲ್ಲ ಅವರು. 'ಯಾರೂ ಬಂದಿಲ್ಲ' ಅಂತ ಒದರಿದ್ದು ನನಗ ಹೊರಗ ಕೇಳಿಸ್ತು. ನಾಚಿಕಿ ಆತು. ಹೊಳ್ಳಿ ಹೋದೆ."

ನನಗೆ ಸಿಟ್ಟು, ನಗು, ಅಳು ಎಲ್ಲವೂ ಒಟ್ಟಿಗೇ ಬಂತು. ಆ ಒಂದು ಸುಳ್ಳಿನ ಋಣದಲ್ಲಿ ನನ್ನ ಸಂಸಾರ ನಿಂತಿದೆ. ಸ್ವಲ್ಪ ಹೊತ್ತು ಹಾಗೇ ಅಡ್ಡ ನಿಂತಿದ್ದು, ಆಮೇಲೆ ಅವನಿಗೆ ಬಾಗಿಲು ಬಿಟ್ಟು ಸರಿದೆ.