ಊರು ಕೊಡಲೊಲ್ಲದ ಸಮಿತಿ

ಕಳ್ಳರಿಗೆ ಪದ್ಯ ಬರೆಯುವ ಚಟ ಯಾವಾಗ ಹತ್ತಿತು ಎಂಬುದು ಜಿನಮತಿ ಅಕ್ಕೋರಿಗೆ ಕಡೆಗೂ ತಿಳಿಯಲಿಲ್ಲ. ಟಿಳಕವಾಡಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅರ್ಧ ಆಯುಷ್ಯ ಕಲಿಸಿದವರು ಅವರು. ಶಾಲೆಯ ಪುಸ್ತಕದ ಕಪಾಟಿನ ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು. ಮಕ್ಕಳ ಸಾಹಸದ ಕಥೆ ಅಂತ ಯಾವುದು ಬಂದರೂ ಮೊದಲು ತಾವು ಓದಿ, ಆಮೇಲೆ ಮೂಗು ಮುರಿದು, ಆಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದರು. ಎಲ್ಲದರಲ್ಲೂ ಅದೇ ರಾಗ. ರಜೆಗೆ ಬಂದ ನಾಲ್ಕು ಮಕ್ಕಳು, ಒಂದು ಜಾಣ ನಾಯಿ, ಒಂದು ಟಾರ್ಚು, ಒಂದು ಗವಿ. ಆ ಗವಿಯ ಬಾಯಲ್ಲಿ ಕಳ್ಳ, ತಾನು ಹೂತಿಟ್ಟ ಗಂಟಿನ ದಾರಿಯನ್ನು ಪ್ರಾಸ ಹಚ್ಚಿ ಒಗಟು ಮಾಡಿ ಬರೆದಿಟ್ಟಿರುತ್ತಾನೆ.

"ಯಾಕಂತ ಬರದಿಡ್ತಾನ್ರಿ ಆ ಮೂಳ? ಮರವು ಐತೇನ್ ಅವಂಗ? ಹೂತ ಮ್ಯಾಲ ಬಾಯಿ ಮುಚಗೊಂಡು ಮನಿಗೆ ಹೋಗಾಕ ಏನ್ ಧಾಡಿ?" ಎಂದು ಅಕ್ಕೋರು ಉಳಿದ ಶಿಕ್ಷಕರನ್ನು ಕೇಳುತ್ತಿದ್ದರು. ಅವರು ನಕ್ಕು ಚಹಾ ಕುಡಿಯುತ್ತಿದ್ದರು.

ಇನ್ನು ಆ ಕಥೆಗಳ ಮಕ್ಕಳೋ, ಕೇಳಲೇಬೇಡಿ! ಹಗಲೆಲ್ಲ ಗುಡ್ಡ ಸುತ್ತಿದರೂ ಒಬ್ಬನಿಗೂ ಹಸಿವಾಗುವುದಿಲ್ಲ, ಒಬ್ಬಳ ಚಪ್ಪಲಿಯೂ ಹರಿಯುವುದಿಲ್ಲ, ಎಲ್ಲಿ ಹಾಳಾಗಿ ಹೋಗಿದ್ದಿ ಅಂತ ಒಬ್ಬ ತಾಯಿಯೂ ಕೇಳುವುದಿಲ್ಲ. ಕಡೆಗೆ ಪೊಲೀಸ್ ಸಾಹೇಬರು ಬಂದು ಬೆನ್ನು ತಟ್ಟುತ್ತಾರೆ. ಪೊಲೀಸರು ಬೆನ್ನು ತಟ್ಟಿದ್ದನ್ನು ಅಕ್ಕೋರು ಈ ಜನ್ಮದಲ್ಲಿ ಕಂಡಿರಲಿಲ್ಲ. ಬೆನ್ನಿಗೆ ಬಾರಿಸಿದ್ದನ್ನು ಕಂಡಿದ್ದರು.

ಒಗಟು ಅಂದರೇನು ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಹುಟ್ಟಿದ್ದು ಖಾನಾಪುರದಲ್ಲಿ, ಕಾಳುಕಡಿ ಮಾರುವ ಜೈನರ ಮನೆಯಲ್ಲಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು ಎಂಬುದು ಆ ಮನೆಯ ಕಟ್ಟಳೆ. ಊಟವಾದ ಮೇಲೆ ನಿದ್ದೆಗೆ ಇನ್ನೂ ಬೇಕಾದಷ್ಟು ಹೊತ್ತು. ಒಲೆ ಆರಿದೆ, ತಿನ್ನಲು ಏನೂ ಸಿಗದು. ಮಕ್ಕಳು ಹಸಿವು ಅಂತ ರಾಗ ತೆಗೆಯುವ ಮೊದಲೇ ತಾಯಿ ಕಾಂತಾಬಾಯಿ ಒಗಟು ತೆಗೆಯುತ್ತಿದ್ದರು. ಒಂದು ಕನ್ನಡದ್ದು, ಒಂದು ಮರಾಠಿಯದ್ದು, ಒಮ್ಮೊಮ್ಮೆ ಅರ್ಧ ಅದು ಅರ್ಧ ಇದು. ಬಿಡಿಸಲು ಬಾರದಿದ್ದರೆ ಸುಮ್ಮನೆ ಸೋತೆ ಎಂದರೆ ನಡೆಯುತ್ತಿರಲಿಲ್ಲ, ಊರು ಕೊಡಬೇಕಾಗುತ್ತಿತ್ತು.

"ಬಿಡಸ್ತಿಯೋ, ಊರು ಕೊಡ್ತಿಯೋ?" ಎಂದು ತಾಯಿ ಕೇಳುವುದು. ಸೋತವರು ಒಂದು ಊರಿನ ಹೆಸರು ಹೇಳಿ "ಕೊಟ್ಟೆ" ಅನ್ನುವುದು. ಅದೂ ತಾವು ಉಂಡು ಮಲಗಿ ಓಡಾಡಿದ ಊರೇ ಆಗಬೇಕು, ಕಾಣದ ಊರನ್ನು ದಾನ ಮಾಡುವಂತಿಲ್ಲ. ಗೆದ್ದವರು ಆ ಊರಿನ ಬಾವಿ, ಬಾಜಾರ, ಗೌಡರ ಮೀಸೆ ಎಲ್ಲ ತಮ್ಮದಾಯಿತೆಂದು ಒಂದಿಷ್ಟು ಮೆರೆದು, ಆಮೇಲೆ ಉತ್ತರ ಹೇಳಲೇಬೇಕು. ಊರು ತಗೊಂಡು ಉತ್ತರ ಬಚ್ಚಿಟ್ಟರೆ ಅದು ಕಳ್ಳತನ. ಪುಟ್ಟ ಜಿನಮತಿ ನಂದಗಡ, ಹಲಸಿ, ಲೋಂಡಾ, ಜಾಂಬೋಟಿ ಎಲ್ಲವನ್ನೂ ತಾಯಿಗೆ ಕೊಟ್ಟು, ಗೊಳೋ ಅಂತ ಅತ್ತು, ಮರುದಿನ ಹಟ ಹಿಡಿದು ವಾಪಸ್ಸು ಗೆದ್ದುಕೊಂಡವಳು. ಒಂದು ಊರು ಕೈಬಿಟ್ಟು ಹೋದರೆ ಹೊಟ್ಟೆಯಲ್ಲಿ ಹೇಗಾಗುತ್ತದೆ ಎಂಬುದು ಅವಳಿಗೆ ಅಲ್ಲೇ ತಿಳಿದದ್ದು.

ಮದುವೆಯಾಗಿ ಟಿಳಕವಾಡಿಗೆ ಬಂದರು. ಗಂಡ ಅಜಿತಕುಮಾರ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುವವರು, ಮಾತು ಕಡಿಮೆ. ತಾಯಿ ತೀರಿಕೊಂಡರು. ಮನೆಮನೆಗೆ ಟೀವಿ ಬಂತು. ಅಕ್ಕೋರು ನಿವೃತ್ತರಾಗುವ ವರ್ಷ, ತರಗತಿಯಲ್ಲಿ "ಬಿಡಸ್ತೀರೋ, ಊರು ಕೊಡ್ತೀರೋ" ಅಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಆಟವೇ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಅಕ್ಕೋರಿಗೆ, ಅವ್ವನ ಆಟ ತನ್ನ ಹೆಣದ ಜೊತೆಗೇ ಹೋಗುತ್ತದೆ ಅನ್ನಿಸಿತು.

ಹಾಗೆ ನೊಂದುಕೊಂಡಿದ್ದಾಗಲೇ ಬಾಳೇಶ ಸಿಕ್ಕಿದ. ಒಂದು ಕಾಲಕ್ಕೆ ಅವರ ಕೈಯಲ್ಲೇ ಕಲಿತವನು, ಮಗ್ಗಿ ಹೇಳಲು ಬಾರದೆ ಗೋಡೆಗೆ ಮುಖ ಮಾಡಿ ನಿಂತವನು. ಈಗ ಆಟೋ ನಗರದಲ್ಲಿ ಪ್ರೆಸ್ ಇಟ್ಟುಕೊಂಡು ಗಣಿತದ ಗೈಡುಗಳನ್ನೇ ಅಚ್ಚು ಹಾಕುತ್ತಿದ್ದ. ಏನು ಹೇಳುವುದು! ಅವನ ಮುಂದೆಯೂ ಅಕ್ಕೋರು ಕಳ್ಳರ ಪದ್ಯಗಳನ್ನು ಬೈಯತೊಡಗಿದರು.

"ಬೈಯೂದು ಸಾಕ್ರಿ ಅಕ್ಕೋರ. ಒಂದು ನೀವ ಬರದು ತೋರಸ್ರಲಾ. ನಾ ಅಚ್ಚ ಹಾಕ್ತೀನಿ," ಅಂದ ಬಾಳೇಶ.

ಬರೆದರು. ಮಳೆಗಾಲ ಪೂರ್ತಿ ಕುಂತು ಬರೆದರು. ಖಾನಾಪುರದ ಒಂದು ಎಮ್ಮೆ ಕಳುವಾಗುತ್ತದೆ. ಪಾರ್ಶ್ವ ಎಂಬ ಅಂಗಡಿಯವರ ಹುಡುಗ, ಮಾಯಕ್ಕ ಎಂಬ ಕುರಿಗಾರರ ಹುಡುಗಿ ಅದರ ಬೆನ್ನು ಹತ್ತುತ್ತಾರೆ. ಊರೂರಿನ ಮುದುಕಿಯರಿಗೆ ಎಮ್ಮೆ ಹೋದ ದಿಕ್ಕು ಗೊತ್ತು, ಆದರೆ ಒಗಟು ಬಿಡಿಸದೆ ಬಾಯಿ ಬಿಡುವವರಲ್ಲ. ಸೋತರೆ ಮಕ್ಕಳು ಊರು ಕೊಡಬೇಕು. ನಾಯಿ ಇಲ್ಲ, ಟಾರ್ಚಿಲ್ಲ. ಹಸಿವು ಇದೆ, ಹರಿದ ಚಪ್ಪಲಿ ಇದೆ, ದಾರಿಯುದ್ದಕ್ಕೂ ಬೈಗುಳ ಇದೆ. ಕೊನೆಗೆ ಕಳ್ಳನೇ ಮಾಯಕ್ಕನ ಒಗಟಿಗೆ ಸೋತು, ತಲೆ ಕೆರೆದುಕೊಂಡು, ಎಮ್ಮೆ ಬಿಟ್ಟು, "ಖಾನಾಪುರ ಕೊಟ್ಟೆ" ಅನ್ನುತ್ತಾನೆ. ಅಜಿತಕುಮಾರರು ಓದಿ ಮುಗಿಸಿ, "ಎಮ್ಮಿ ಸಿಕ್ಕಿತಲ್ಲ, ಛಲೋ ಆತು," ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಬಾಳೇಶನೂ ಓದಿ ನಕ್ಕ. ಆದರೆ ಅವನು ವ್ಯಾಪಾರದವನು. ಶಾಲೆಗಳಿಗೆ ಮಕ್ಕಳ ಪುಸ್ತಕ ಆರಿಸುವ ಒಂದು ಸಮಿತಿ ಇತ್ತು. ಅವರು ಹೂಂ ಅಂದರೆ ಅಚ್ಚು, ಇಲ್ಲವಾದರೆ ಇಲ್ಲ. ಅಕ್ಕೋರು ಹೊರಗೆ "ಹಾಕಿದ್ರ ಹಾಕಲಿ, ಬಿಟ್ರ ಬಿಡಲಿ" ಅಂದರು. ಒಳಗೆ ಆಸೆ ಕುದಿಯುತ್ತಿತ್ತು. ಅಂಗಡಿಯಲ್ಲಿ ಮಕ್ಕಳ ಪುಸ್ತಕ ಕಂಡರೆ ಸಾಕು, ರಟ್ಟಿನ ಮೇಲೆ ತಮ್ಮ ಹೆಸರು ಎಲ್ಲಿ ಕುಂದರಬಹುದು ಅಂತ ನೋಡುತ್ತಿದ್ದರು. ಒಳಪುಟದಲ್ಲಿ ಅವ್ವನ ಹೆಸರು ಹಾಕಿಸುವುದಂತೂ ಗಟ್ಟಿ ಮಾಡಿಕೊಂಡಿದ್ದರು.

ಒಂದು ಮಧ್ಯಾಹ್ನ ಸಮಿತಿಯ ಇಬ್ಬರು ಬಾಳೇಶನನ್ನು ಮುಂದೆ ಮಾಡಿಕೊಂಡು ಮನೆಗೇ ಬಂದರು. ಒಬ್ಬರು ಮೈಲಾರಲಿಂಗ ಸರ್, ಖಾನಾಪುರ ತಾಲೂಕಿನ ಇಟಗಿಯವರು, ಶಾಲೆಗಳ ತಪಾಸಣೆ ಮಾಡಿ ನಿವೃತ್ತರಾದವರು. ಇನ್ನೊಬ್ಬರು ಅಮರ ಸರ್, ಭಾಷಣಗಳಿಗೆ ಪ್ರಸಿದ್ಧರು, ತಲೆಗೆ ಹಚ್ಚಿದ ಬಣ್ಣ ಕಿವಿಗೂ ಹತ್ತಿತ್ತು. ಅಕ್ಕೋರು ಚಹಾ, ಚುರಮುರಿ ಕೊಟ್ಟರು.

"ಕಥಿ ಛಲೋ ಐತ್ರಿ ಅಕ್ಕೋರ," ಮೈಲಾರಲಿಂಗ ಸರ್ ಗಂಟಲು ಸರಿಪಡಿಸಿಕೊಂಡರು. "ಆದ್ರ ಆ ಖಾನಾಪುರ ಕೊಟ್ಟಿರಲಾ, ಅದು ತ್ರಾಸ ಐತಿ."

"ಏನ್ ತ್ರಾಸ್ರಿ?"

"ಯಾರಿಗೆ ಕೊಟ್ರಿ ಅಂತ ಕೇಳ್ತಾರಲ್ರಿ ಮಂದಿ."

"ಮಾಯಕ್ಕಗ. ಹತ್ತು ವರ್ಷದ ಹುಡುಗಿಗೆ."

ಅಮರ ಸರ್ ಮುಂದೆ ಬಗ್ಗಿದರು. "ಆ ಹುಡುಗಿ ಕನ್ನಡದಾಕಿ ಏನ್ರಿ, ಮರಾಠಿಯಾಕಿ?"

"ಆಕಿಗೆ ಎರಡೂ ಬರತಾವ್ರಿ. ಎಮ್ಮಿಗೂ ಬರತಾವು."

ಅಮರ ಸರ್ ನಗಲಿಲ್ಲ. ಗಡಿಯ ವಿಷಯವೆಂದರೆ ಬೆಂಕಿ, ಈ ಕಡೆಯವರು ಎತ್ತಿಕೊಂಡರೂ ಕಷ್ಟ, ಆ ಕಡೆಯವರು ಎತ್ತಿಕೊಂಡರೂ ಕಷ್ಟ, ಒಂದಿಂಚು ನೆಲ ಬಿಡೆವು ಅಂತ ತಾವೇ ಎಷ್ಟೋ ಸಭೆಗಳಲ್ಲಿ ಹೇಳಿರುವಾಗ ಒಬ್ಬ ಎಮ್ಮೆಗಳ್ಳ ಇಡೀ ಖಾನಾಪುರ ಬಿಟ್ಟುಕೊಟ್ಟನೆಂದರೆ ಮಕ್ಕಳ ಮೇಲೆ ಏನು ಪರಿಣಾಮ, ಎಂದು ಒಂದೇ ಉಸಿರಿಗೆ ಹೇಳಿದರು. ಅವರ ಸಲಹೆ ಸರಳವಾಗಿತ್ತು. ಊರಿನ ಬದಲು ಚಾಕಲೇಟು ಕೊಡಿಸಿರಿ.

"ಚಾಕಲೇಟ!" ಅಕ್ಕೋರಿಗೆ ಮೈ ಉರಿದುಹೋಯಿತು. ಇವರೂ ಗಂಡಸರು, ಇವರದೂ ಒಂದು ಸಮಿತಿ! ಮಕ್ಕಳ ಬಾಯಿಂದ ಹೊರಟ ಊರು ಎಲ್ಲಿಗೆ ಹೋದೀತು, ಬೆಳಗಾದರೆ ಅಲ್ಲೇ ಇರುತ್ತದೆ ಎಂಬಷ್ಟೂ ತಿಳಿಯದ ಈ ಮಹಾಶಯರು ಮಕ್ಕಳ ಪುಸ್ತಕ ಆರಿಸುತ್ತಾರೆ. ಸೋತವನಿಗೆ ಹೊಟ್ಟೆ ಚುರ್ ಅನ್ನಬೇಕು, ಅದೇ ಆಟ. ಚಾಕಲೇಟು ಹೋದರೆ ಯಾರಿಗೆ ಚುರ್ ಅನ್ನುತ್ತದೆ?

ಕೋಪದಲ್ಲೂ ಅವರಿಗೆ ಒಂದು ಉಪಾಯ ಹೊಳೆಯಿತು. "ಸರ್ರ, ಹಿಂಗ ಮಾಡೂಣು. ನಾ ಒಂದು ಒಗಟು ಹಾಕ್ತೀನಿ. ನೀವು ಬಿಡಿಸಿದ್ರ ಚಾಕಲೇಟ ಹಾಕ್ತೀನಿ, ಪೇಪರಮಿಂಟ ಬೇಕಾದ್ರೂ ಹಾಕ್ತೀನಿ. ಸೋತ್ರ ಕಥಿ ಇದ್ದಂಗ ಅಚ್ಚಾಗಬೇಕು."

ಇಟಗಿಯಲ್ಲಿ ಬೆಳೆದ ಮೈಲಾರಲಿಂಗ ಸರ್ ಮುಖ ಅರಳಿತು. "ಆಗಲ್ರಿ! ನಾವೂ ಹಳ್ಳ್ಯಾಗ ಬೆಳದವರು. ಸೋತ್ರ ಪುಸ್ತಕ ಇದ್ದಂಗ ಹೋಗಲಿ, ನನ್ನ ಮಾತು. ಹಾಕ್ರಿ."

ಅಕ್ಕೋರು ತಾಯಿಯ ದನಿಯಲ್ಲೇ ಹೇಳಿದರು: "ಮನಿ ತುಂಬ ಕಾಲಿನವರು, ಆಕಿಗೊಬ್ಬಾಕಿಗೆ ಕಾಲಿಲ್ಲ. ಹಾಲು ಬೆಣ್ಣಿ ಉಡಿ ತುಂಬ, ಒಂದು ಹನಿ ಕುಡದಿಲ್ಲ. ಬೆಕ್ಕು ಬಂದು ಬೇಡಿಕೊಂಡ್ರ, ಬಗ್ಗಿ ಸೈತ ನೋಡೂದಿಲ್ಲ."

ಬೆಕ್ಕಿಗೆ ಎಟುಕದಂತೆ ಹಾಲಿನ ಗಡಿಗೆ ಇಟ್ಟು ಜಂತಿಗೆ ತೂಗುಬಿಡುವ ನೆಲುವು, ಅಷ್ಟೇ. ಇಬ್ಬರ ತಾಯಂದಿರ ಅಡುಗೆಮನೆಯಲ್ಲೂ ತೂಗಾಡಿದ್ದೇ.

"ಫ್ರಿಜ್!" ಅಂದರು ಅಮರ ಸರ್.

"ಅದಕ್ಕ ನಾಕು ಕಾಲ ಅದಾವ್ರಿ."

"ಎಮ್ಮಿ?"

"ನಿಮ್ಮ ಎಮ್ಮಿಗೆ ಕಾಲಿಲ್ಲೇನ್ರಿ?"

ಬಾಳೇಶ ಕಿಟಕಿಯ ಕಡೆ ತಿರುಗಿ ನಗು ನುಂಗಿದ. ಮೈಲಾರಲಿಂಗ ಸರ್ ಕಣ್ಣು ಮುಚ್ಚಿ, ತೆರೆದು, ನಾಲಿಗೆಯ ತುದಿಯಲ್ಲೇ ಇದೆ ಎಂದು ಚಡಪಡಿಸಿದರು. ಚಹಾ ಆರಿತು, ಚುರಮುರಿ ಮೆತ್ತಗಾಯಿತು.

"ಬಿಡಸ್ತೀರೋ, ಊರು ಕೊಡ್ತೀರೋ?"

ಆಗ ನೋಡಬೇಕಿತ್ತು ಆ ಇಬ್ಬರ ಮುಖ! ಮೈಲಾರಲಿಂಗ ಸರ್ ಬಾಯಿ ತೆರೆದರು. ಇಟಗಿ ಅನ್ನುವುದರಲ್ಲಿದ್ದರು, ಅಷ್ಟರಲ್ಲಿ ಅಮರ ಸರ್ ಅವರ ತೊಡೆ ಚಿವುಟಿದರು. "ಸರ್ರ, ನಾವು ಸಮಿತಿಯವರು. ನಮ್ಮ ಬಾಯಾಗ ಅಂಥಾ ಮಾತು ಬರಬಾರದು." ಆಮೇಲೆ ತಾವೇ ಉದಾರರಾಗಿ, "ಅಕ್ಕೋರ, ಮುಂಬೈ ತಗೋರಿ," ಎಂದರು.

"ಮುಂಬೈದಾಗ ಎಷ್ಟು ದಿನ ಉಂಡೀರಿ?"

"ನೋಡೇ ಇಲ್ಲ."

"ಹಂಗಾರ ಅದು ನಿಮ್ಮದಲ್ಲ. ಆಡಿ ಬೆಳದ ಊರು ಕೊಡ್ರಿ."

ಕೊಡಲಿಲ್ಲ. ಚಿವುಟಿಸಿಕೊಂಡವರೂ ಕೊಡಲಿಲ್ಲ, ಚಿವುಟಿದವರೂ ಕೊಡಲಿಲ್ಲ. ಊರು ಕೊಡದ ಮೇಲೆ ಸೋತಂತಾಗಲಿಲ್ಲ, ಆದ್ದರಿಂದ ನಿರ್ಧಾರ ಮುಂದಿನ ಸಭೆಗೆ, ಎಂದು ಅಮರ ಸರ್ ಘೋಷಿಸಿದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಎರಡು ದಿನದ ಮೇಲೆ, ರೊಟ್ಟಿ ಬಡಿದು ಮುಗಿಯುವ ಹೊತ್ತಿಗೆ ಫೋನು ಬಂತು. ಮೈಲಾರಲಿಂಗ ಸರ್. ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

"ಅಕ್ಕೋರ, ಊಟ ಸೇರವಲ್ದು. ನಮ್ಮವ್ವ ಇದನ್ನ ಕೇಳ್ತಿದ್ಲು, ಖರೇ. ಉತ್ತರಾ ಹೇಳ್ರಿ."

"ಊರು ಕೊಡ್ರಿ."

ಆ ಕಡೆ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು. "ಇಟಗಿ ಕೊಟ್ಟೆ," ಎಂದು ಪಿಸುಗುಟ್ಟಿದರು.

ಅಕ್ಕೋರಿಗೆ ಖುಷಿ ತಡೆಯಲಿಲ್ಲ. ಗೆದ್ದೆ ಅವ್ವಾ, ನಿನ್ನ ಪುಸ್ತಕ ಬಂತು ಅಂತ ಮನಸ್ಸಿನಲ್ಲೇ ಕೂಗಿದರು. ಊರು ತಗೊಂಡ ಮೇಲೆ ಉತ್ತರ ಹೇಳಲೇಬೇಕು. "ನೆಲುವು," ಎಂದರು.

"ಅಯ್ ಶಿವನ! ನೆಲುವು!" ಅಷ್ಟು ವಯಸ್ಸಿನ ಗಂಡಸು ಫೋನಿನಲ್ಲಿ ಹುಡುಗನಂತೆ ನಕ್ಕರು. ಅವ್ವನ ನೆಲುವಿನಿಂದ ಬೆಣ್ಣೆ ಕದಿಯಲು ಹೋಗಿ ಗಡಿಗೆ ತಲೆಯ ಮೇಲೆ ಬಿದ್ದದ್ದನ್ನು ಹೇಳಿದರು. ನಗುತ್ತ ನಗುತ್ತ ಅವರ ದನಿ ಒದ್ದೆಯಾಯಿತು.

"ಹಂಗಾರ ಪುಸ್ತಕ ಇದ್ದಂಗ ಹೋಗತೈತಿ, ಹೌದಿಲ್ರಿ?" ಅಕ್ಕೋರು ಕೇಳಿದರು.

ಆ ಕಡೆ ನಗು ನಿಂತಿತು. "ಅದು... ಅಕ್ಕೋರ, ಇದು ನಮ್ಮಿಬ್ಬರೊಳಗಿನ ಮಾತಾತು. ಸಭಾದಾಗ ನಾ ಇಟಗಿ ಕೊಟ್ಟು ಸೋತೆ ಅಂತ ಹೆಂಗ ಹೇಳ್ಲಿ? ಅಮರ ಸುಮ್ಮನ ಬಿಡ್ತಾನೇನ್ರಿ? ನೀವು ಶಾಣ್ಯಾರದೀರಿ. ಚಾಕಲೇಟ ಹಾಕಿಬಿಡ್ರಲಾ."

"ನಿಮ್ಮ ಮಾತು ಅಂದಿದ್ರಿ."

"ಅಂದಿದ್ದೆ ಖರೇ..."

ಅಕ್ಕೋರು ಫೋನು ಕುಕ್ಕಿದರು. ಬಾಳೇಶನ ಪ್ರೆಸ್ಸಿಗೆ ಆಗಲೇ ಫೋನು ಮಾಡಿ, ಕಥೆ ವಾಪಸ್ಸು ಕಳಿಸಪ್ಪಾ, ನನ್ನ ಕಳ್ಳ ಚಾಕಲೇಟು ಹಂಚುವವನಲ್ಲ ಎಂದರು. ಬಾಳೇಶ ಗೋಗರೆದ, ಅವರು ಕೇಳಲಿಲ್ಲ. ಆಮೇಲೆ ಒಲೆಯ ಮುಂದೆ ಕುಂತು, ಲೋಂಡಾ ಕಳಕೊಂಡ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಹೊತ್ತು ಮುಳುಗುವ ಮುಂಚೆ ಊಟಕ್ಕೆಂದು ಅಜಿತಕುಮಾರರು ಉದ್ಯಮಬಾಗದಿಂದ ಬಂದರು. ಹೆಂಡತಿಯ ಕೆಂಪಾದ ಕಣ್ಣು ನೋಡಿ ಗಾಬರಿಯಾಗಿ ಚೀಲ ಕೆಳಗಿಟ್ಟರು.

"ಏನಾತ?"

"ಇಟಗಿ ನಮ್ಮದಾತ್ರಿ," ಅಂದರು ಅಕ್ಕೋರು, ತಾಟು ಹಾಕುತ್ತ. "ಪುಸ್ತಕ ಹೋತು."