ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು

ಹುಣಸೆಹಣ್ಣಿನ ಸುಗ್ಗಿ ಬಂತೆಂದರೆ ನಮ್ಮ ಮನೆಯವರೆಲ್ಲರ ಬೆರಳೂ ಕಪ್ಪಾಗುತ್ತಿದ್ದ ಕಾಲ ಅದು. ತೆಲುಗು ಸೀಮೆಯ ಕಲ್ಯಾಣದುರ್ಗದ ನಮ್ಮ ಮನೆಯ ಹಿಂದೆಯೇ ಹುಣಸೆ ಅಂಗಳ. ಬ್ರಹ್ಮಸಮುದ್ರದ ಕಡೆಯಿಂದ ಚೀಲಗಟ್ಟಲೆ ಕಾಯಿ ಬಂದು ಬೀಳುತ್ತಿತ್ತು. ಹೆಂಗಸರು ಸಾಲಾಗಿ ಕೂತು ಕುಟ್ಟಿ, ನಾರು ಎಳೆದು, ಬೀಜ ಬಿಡಿಸುತ್ತಿದ್ದರು. ನಾವು ಮಕ್ಕಳು ಬೀಜವನ್ನು ಬಂಡೆಗೆ ತೇದು, ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡು ಚೌಕಾಬಾರ ಆಡುತ್ತಿದ್ದೆವು. ಹುರಿದ ಬೀಜ ಬಾಯಿಗೆ ಹಾಕಿಕೊಂಡರೆ ಸಂಜೆವರೆಗೂ ದವಡೆಗೆ ಕೆಲಸ. ಓದುತ್ತಿರುವವರಲ್ಲಿ ಎಷ್ಟೋ ಜನಕ್ಕೆ ಈಗಲೇ ಬಾಯಲ್ಲಿ ನೀರು ಬಂದಿರುತ್ತದೆ, ನನಗೆ ಗೊತ್ತು.

ಆ ಅಂಗಳಕ್ಕೆ ಕಾವಲು ಸಿಂಗಾರಿ. ಬೆಲ್ಲದ ಬಣ್ಣದ ಹೆಣ್ಣು ನಾಯಿ. ಚೀಲದ ಮೇಲೆ ಹತ್ತಿ ಕೂತಳೆಂದರೆ ಚೀಲದ ಯಜಮಾನನೂ ಅಪ್ಪ ಬರುವವರೆಗೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಬೆದೆಗೆ ಬಂದಾಗೆಲ್ಲ ಅಪ್ಪ ಅವಳನ್ನು ಗೋಣಿಚೀಲದ ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ಬೀದಿಯ ಗಂಡು ನಾಯಿಗಳು ಬಾಗಿಲ ಮುಂದೆ ಜಾಗರಣೆ ಮಾಡಿ, ಕಚ್ಚಾಡಿ, ಸೋತು ಹೋಗುತ್ತಿದ್ದವು. ಹಾಗಾಗಿ ಅವಳಿಗೆ ಒಂದು ಸಲವೂ ಮರಿಯಾಗಿರಲಿಲ್ಲ. ಹೆಣ್ಣು ನಾಯಿಗೆ ಆಪರೇಷನ್ ಮಾಡಿಸಬಹುದು ಎಂಬ ಮಾತು ಆಗ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಬಾಗಿಲು ಹಾಕಿದರೆ ಆಯಿತು, ಅಷ್ಟೇ ಲೆಕ್ಕ.

ಆ ವರ್ಷದ ಸುಗ್ಗಿಯಲ್ಲಿ ಗಿರಿಜತ್ತೆ, ಅಂದರೆ ಅಪ್ಪನ ತಂಗಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ನಡುಮನೆಯ ಮೂಲೆಯಲ್ಲಿ ಮಂಚ, ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ ಹೊಗೆ. ಅಜ್ಜಿಯ ಬಾಣಂತನ ಊರಿಗೇ ಹೆಸರುವಾಸಿ. ಬೆಳ್ಳುಳ್ಳಿ ಜಜ್ಜಿ ಹಾಕಿದ ಮೆಣಸಿನ ಸಾರು, ಬಿಸಿ ಅನ್ನ, ಒಣಕೊಬ್ಬರಿ, ಬೆಲ್ಲ ಎಲ್ಲವೂ ಧಾರಾಳ. ನೀರು ಮಾತ್ರ ಅಳತೆ. ಕಾಯಿಸಿ ಆರಿಸಿದ ನೀರು, ಅದೂ ಗಂಟಲು ನೆನೆಯುವಷ್ಟು.

"ಅವ್ವಾ, ಇನ್ನೊಂದ್ ಗುಟುಕು ಕೊಡೇ, ನಾಲಿಗೆ ಅಂಟ್ಕೊಂತದೆ," ಎಂದು ಅತ್ತೆ ಬೇಡುತ್ತಿದ್ದಳು.

"ನೀರು ಕುಡ್ದ್ಬುಟ್ರೆ ಹೊಟ್ಟೆ ಮಡಕೆ ಆಯ್ತದೆ ಕಣಮ್ಮ. ನಾನೂ ನಿನ್ ಹಂಗೇ ಬಾಯಾರ್ಕೊಂಡೇ ನಿನ್ನ ಸಾಕಿದ್ದು," ಎನ್ನುತ್ತಿದ್ದಳು ಅಜ್ಜಿ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಆಗಲೇ ಸಿಂಗಾರಿಯ ಹೊಟ್ಟೆ ದಪ್ಪಗಾದದ್ದು. ಅವಳ ಬೆದೆ ಮುಗಿದು ತಿಂಗಳ ಮೇಲಾಗಿತ್ತು. "ಎಲ್ಲೋ ತಪ್ಪಿಸ್ಕೊಂಡು ಹೋಗಿ ಬಂದವ್ಳೆ ಕಳ್ಳಿ," ಎಂದು ಅಜ್ಜಿ ನಕ್ಕಳು. ಹೆಂಗಸರೆಲ್ಲ ನಕ್ಕರು. ಮರಿಗಳಿಗೆ ಆಗಲೇ ಗಿರಾಕಿಗಳು ಹುಟ್ಟಿಕೊಂಡರು. ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಡಾಬಾ ಇಟ್ಟಿದ್ದ ಅಪ್ಪನ ಸ್ನೇಹಿತರೊಬ್ಬರು ಎರಡು ಗಂಡು ಮರಿ ತಮಗೇ ಎಂದು ಹೇಳಿ ಕಳಿಸಿದರು. ನಾನು ಒಂದು ಮರಿಗೆ ಹೆಸರನ್ನೂ ಇಟ್ಟಿದ್ದೆ.

ಒಂದು ಬೆಳಿಗ್ಗೆ ಸಿಂಗಾರಿ ಮಲಗಿದ್ದ ಗೋಣಿತಾಟಿನ ಮೇಲೆ ಕೆಂಪು ಕಲೆಸಿದ ಗಂಜಿಯಂಥದ್ದು ಅಂಟಿತ್ತು. ಹೊಟ್ಟೆಯೂ ಕೊಂಚ ಇಳಿದ ಹಾಗಿತ್ತು. ಅಜ್ಜಿ ನೋಡಿದ ಕೂಡಲೇ ತೀರ್ಪು ಕೊಟ್ಟಳು.

"ಈದವ್ಳೆ. ಮರಿ ಎಲ್ಲೋ ಬಚ್ಚಿಟ್ಟವ್ಳೆ. ಹುಡುಕ್ರಪ್ಪಾ, ಬಿಸ್ಲಿಗೆ ಸತ್ತೋಗ್ತವೆ!"

ನಾವು ಹುಡುಕಿದೆವು. ಚೀಲಗಳ ಸಂದು, ಜಾಲಿ ಪೊದೆ, ಹಳೆಯ ಗಾಡಿಯ ಕೆಳಗೆ, ಮೋರಿಯ ಕೊಳವೆಯಲ್ಲಿ. ಕೈ ಹಾಕುವಾಗೆಲ್ಲ ಬೆರಳಿಗೆ ತಣ್ಣನೆಯದೇನಾದರೂ ತಗುಲೀತೆಂದು ಅರ್ಧಕ್ಕೇ ಹಿಂದೆಗೆಯುತ್ತಿದ್ದೆ. ಒಂದು ಮರಿಯೂ ಸಿಗಲಿಲ್ಲ. ವಿಚಿತ್ರವೆಂದರೆ ಸಿಂಗಾರಿ ಎಲ್ಲಿಗೂ ಹೋಗುತ್ತಿರಲಿಲ್ಲ. ಮರಿ ಬಚ್ಚಿಟ್ಟ ತಾಯಿ ಅದರ ಹತ್ತಿರ ಹೋಗಬೇಕಲ್ಲ? ಅದನ್ನು ಕೇಳಿದೆ. "ಸತ್ತವು ಅಂತ ಅದಕ್ಕೆ ಗೊತ್ತಾಗ್ಬುಟ್ಟದೆ ಪಾಪ," ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರಿತ್ತು. ಅವಳಿಗೂ ಗಿರಿಜತ್ತೆಗಿಂತ ಮುಂಚೆ ಎರಡು ಕೂಸು ಹೋಗಿದ್ದವಂತೆ.

ಅಂದಿನಿಂದ ಮನೆಯಲ್ಲಿ ಇಬ್ಬರು ಬಾಣಂತಿಯರು. ಅತ್ತೆಗೆ ಕುದಿಸಿದ ಮೆಣಸಿನ ಸಾರಿನಲ್ಲೇ ಒಂದು ಪಾಲು ಸಿಂಗಾರಿಗೆ. ಅತ್ತೆಗೆ ಬಿಸಿನೀರು ಹುಯ್ದ ಮೇಲೆ ಉಳಿದದ್ದರಲ್ಲಿ ಇವಳ ಮೈ ಒರೆಸಿ, ಬೇವಿನ ಸೊಪ್ಪಿನ ಹೊಗೆ ಹಾಕಿದರು. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಸಿಂಗಾರಿಯ ನೀರಿನ ಬಾನಿಯನ್ನು ಬೋರಲು ಹಾಕಿದಳು.

ನನ್ನ ಕಳವಳ ಶುರುವಾದದ್ದು ಆಗ. ಸಿಂಗಾರಿ ಸಾರು ಮೂಸಿ ಮುಖ ತಿರುಗಿಸುತ್ತಿದ್ದಳು. ನೀರು ಮಾತ್ರ ಬೇಕು. ಬೋರಲು ಬಿದ್ದ ಬಾನಿಯನ್ನು ಮೂತಿಯಿಂದ ತಳ್ಳುತ್ತಿದ್ದಳು. ಬಾನಿ ಕಲ್ಲಿಗೆ ಉಜ್ಜುವ ಸದ್ದು ಮಧ್ಯಾಹ್ನದ ಮೌನದಲ್ಲಿ ಮನೆಯೊಳಗೆಲ್ಲ ಕೇಳುತ್ತಿತ್ತು. ಸುಮ್ಮನಾದರೆ ಇನ್ನೂ ಹೆದರಿಕೆ. ಎದ್ದು ಹೋಗಿ ಹೊಟ್ಟೆ ಮೇಲೆ ಕೆಳಗೆ ಆಡುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ. ಒಂದು ಸಲ ಹೋದಾಗ ಅವಳು ಬಚ್ಚಲ ಮೋರಿಯಲ್ಲಿ ಮುಖವಿಟ್ಟು ಸೋಪಿನ ನೀರು ನೆಕ್ಕುತ್ತಿದ್ದಳು. ಕುಡಿದದ್ದನ್ನೆಲ್ಲ ಅಲ್ಲೇ ಕಕ್ಕಿ, ಕಾಲು ಮಡಿಸಿ ಕುಸಿದಳು.

ನಾನು ಕಿರುಚಿಕೊಂಡೆ. ಮಂಚದಿಂದ ಕಿಟಕಿಯಲ್ಲಿ ನೋಡಿದ ಗಿರಿಜತ್ತೆ ಇನ್ನೂ ಜೋರಾಗಿ ಕೂಗಿದಳು. "ಅವ್ವಾ! ನಂಗ್ ಕೊಡ್ದಿದ್ರೆ ಹೋಗ್ಲಿ, ಆ ಮೂಕ ಪ್ರಾಣಿಗಾದ್ರೂ ಕೊಡೇ! ಬಾಯಾರಿಕೆ ಅಂದ್ರೇನು ಅಂತ ನನ್ನ ಕೇಳು!"

ಹುಣಸೆ ಮಂಡಿಯಿಂದ ಊಟಕ್ಕೆ ಬಂದ ಅಪ್ಪ ಅಂಗಳದಲ್ಲೇ ನಿಂತುಬಿಟ್ಟ. ಅಪ್ಪ ಹುಣಸೆ ಚೀಲದ ಬಾಯಿ ಬಿಚ್ಚುವ ಮೊದಲೇ ಒಳಗಿನ ಹಣ್ಣು ಹೇಗಿದೆ ಎಂದು ಮೂಗಲ್ಲೇ ಹೇಳುವವನು. ಬಗ್ಗಿ ಸಿಂಗಾರಿಯ ಹಿಂಭಾಗ ಮೂಸಿದ.

"ಅವ್ವ, ಇದು ಈದ ವಾಸನೆ ಅಲ್ಲ. ಒಳಗೇನೋ ಕೊಳೀತಾ ಅದೆ."

"ಬಾಣಂತಿ ವಾಸನೆ ಗಂಡಸ್ರಿಗೇನ್ಲಾ ಗೊತ್ತು?"

"ಕೊಳೆತದ್ದು ಗೊತ್ತು ಕಣವ್ವ ನಂಗೆ. ಅದ್ರಲ್ಲೇ ಅನ್ನ ತಿಂತಿರಾದು."

ಊರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಎಮ್ಮೆಯನ್ನು ನೋಡಿ ಕೈ ತೊಳೆಯುತ್ತಿದ್ದರು. ಸಿಂಗಾರಿಯ ಹೊಟ್ಟೆಯನ್ನು ಎರಡು ಕೈಯಲ್ಲಿ ಹಗುರಾಗಿ ಹಿಡಿದು, ತಕ್ಷಣ ಬಿಟ್ಟರು. "ಗರ್ಭಸಂಚಿಲೋ ಚೀಮು ಪಟ್ಟಿಂದಿ," ಎಂದರು ತೆಲುಗಿನಲ್ಲಿ. ಗರ್ಭಕೋಶದಲ್ಲಿ ಕೀವು ತುಂಬಿದೆ ಎಂದು. ಮರಿ ಇರಲೇ ಇಲ್ಲ. ಹೊಟ್ಟೆ ದಪ್ಪಗಾದದ್ದು ಕೀವಿನಿಂದ, ಗೋಣಿತಾಟಿಗೆ ಅಂಟಿದ್ದೂ ಕೀವೇ. ಗರ್ಭಕೋಶವನ್ನೇ ತೆಗೆಯಬೇಕು, ಅದಕ್ಕೆ ಬೇಕಾದ ಅನುಕೂಲ ಇಲ್ಲಿಲ್ಲ, ಹಿಂದೂಪುರದಲ್ಲಿ ಒಬ್ಬರು ಮೇಡಂ ಮಾಡುತ್ತಾರೆ, ಈಗಲೇ ಹೊರಡಿ ಎಂದು ಒಂದು ಸೂಜಿ ಚುಚ್ಚಿದರು.

"ನಾಳೆ ಬೆಳಿಗ್ಗೆ ಹೋದ್ರೆ ಸಾರ್?" ಎಂದ ಅಪ್ಪ.

"ನಾಳೆ ಇದು ಇದ್ರೆ ತಾನೇ?"

ಮಂಡಿಯ ಮುಂದೆ ಹಿಂದೂಪುರಕ್ಕೆ ಹೊರಟಿದ್ದ ಒಂದು ವ್ಯಾನು ನಿಂತಿತ್ತು. ಅರ್ಧ ಹುಣಸೆಹಣ್ಣು, ಅರ್ಧ ಖಾಲಿ. ಡ್ರೈವರು ನಾಯಿಯನ್ನು ನೋಡಿ ಬಾಯಿಗೆ ಬಂದ ಬಾಡಿಗೆ ಹೇಳಿದ. ನನಗಿಂದಿಗೂ ನೆನಪಿದೆ, ಅಪ್ಪ "ಆಯ್ತು, ಹತ್ಸು" ಎಂದ. ಮಂಡಿಯಲ್ಲಿ ಟವಲಿನಡಿ ಕೈ ಹಿಡಿದು, ಬೆರಳು ಒತ್ತಿ ಒತ್ತಿಯೇ ಬೆಲೆ ಹೇಳಿ, ಎದುರಿನವನು ಬೆವರುವವರೆಗೆ ಬಿಡದ ನನ್ನಪ್ಪ ಮೊದಲ ಮಾತಿಗೇ ಒಪ್ಪಿಕೊಂಡ. ಡ್ರೈವರೇ ಬೆಪ್ಪಾದ. ಡಾಕ್ಟರ ಮಾತಿಗಿಂತ ಅದು ನನ್ನನ್ನು ಹೆದರಿಸಿತು. ಸಿಂಗಾರಿ ಸಾಯುತ್ತಾಳೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಅತ್ತೆಯನ್ನೂ ಕೂಸನ್ನೂ ಅಮ್ಮನಿಗೆ ಒಪ್ಪಿಸಿ, ಅಜ್ಜಿ ತಾನೂ ಬರುತ್ತೇನೆಂದು ವ್ಯಾನು ಹತ್ತಿದಳು. ಸಿಂಗಾರಿಯ ತಲೆ ಅವಳ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಹುಣಸೆಯ ಹುಳಿ ವಾಸನೆಯ ನಡುವೆ ಆ ಇನ್ನೊಂದು ವಾಸನೆ. ವ್ಯಾನು ಕುಲುಕಿದಾಗೆಲ್ಲ ಅವಳು ನರಳುತ್ತಿದ್ದಳು. ನರಳದಿದ್ದಾಗ ನಾನು ಎದೆಗೆ ಕಿವಿ ಇಡುತ್ತಿದ್ದೆ. ರೊದ್ದಂ ದಾಟಿದ ಮೇಲೆ ಅವಳ ಒಸಡು ನೋಡಿದೆ, ಸುಣ್ಣ ಬಳಿದ ಹಾಗಿತ್ತು. ಅಜ್ಜಿಯ ಸೆರಗಿನ ತುದಿ ದಾರಿಯುದ್ದಕ್ಕೂ ಒದ್ದೆಯಾಗಿತ್ತು. ಅದನ್ನು ಬಾಟಲಿ ನೀರಲ್ಲಿ ಅದ್ದಿ ಸಿಂಗಾರಿಯ ನಾಲಿಗೆಗೆ ಒರೆಸುತ್ತಿದ್ದಳು.

ಹಿಂದೂಪುರದ ಮೇಡಂ ಕನ್ನಡದವರೇ. ಸಲೈನ್ ಏರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿದರು. ನೀರು ಜಾಸ್ತಿ ಕುಡೀತಿತ್ತಾ ಎಂದೂ ಕೇಳಿದರು. ಉತ್ತರ ಕೊಟ್ಟವಳು ಅಜ್ಜಿ.

"ಕೇಳ್ತಿತ್ತು ಕಣಮ್ಮ. ನಾನೇ ಕೊಡ್ಲಿಲ್ಲ. ಬಾಣಂತಿ ಅಂತ..."

ಮೇಡಂ ಬೈಯಬಹುದೆಂದು ನಾನು ಕಾದೆ. ಅವರು ಸಿಂಗಾರಿಯ ಹೊಟ್ಟೆಯ ಕೂದಲು ಬೋಳಿಸುತ್ತಲೇ ಹೇಳಿದರು. "ಕೀವಿನ ವಿಷ ಮೂತ್ರಪಿಂಡಕ್ಕೆ ಹತ್ಕೊಂತದೆ ಅಜ್ಜಿ. ಆಗ ಮೈಯಾಗೆ ನೀರು ನಿಲ್ಲಲ್ಲ, ಹೋಗ್ತಾನೇ ಇರ್ತದೆ. ಹೋಗಿದ್ದನ್ನ ತುಂಬ್ಕೊಳಾಕೆ ಅದು ಕುಡೀತದೆ. ಬೆದೆ ಆಗಿ ಒಂದೆರಡು ತಿಂಗ್ಳಲ್ಲಿ ಹೆಣ್ಣು ನಾಯಿ ಹಿಂಗೆ ನೀರು ನೀರು ಅಂದ್ರೆ ಓಡಿ ಬರ್ಬೇಕು." ಆಮೇಲೆ ಅಪ್ಪನ ಕಡೆ ತಿರುಗಿ, "ಬದುಕ್ತದೆ ಅಂತ ಮಾತು ಕೊಡಾಕಾಗಲ್ಲ," ಎಂದು ಬಾಗಿಲು ಹಾಕಿಕೊಂಡರು.

ಹೊರಗಿನ ಬೇವಿನ ಮರದಡಿ ನಾವು ಮೂವರು. ಅಪ್ಪ ಬೀಡಿ ಹಚ್ಚುವುದು, ಎಸೆಯುವುದು. ನಾನು ಕಿಸೆಯಲ್ಲಿದ್ದ ಹುಣಸೆ ಬೀಜಗಳನ್ನು ನೆಲಕ್ಕೆ ಹಾಕುವುದು. ಬೆಳ್ಳಗಿನ ಮಗ್ಗುಲು ಮೇಲೆ ಬಿದ್ದರೆ ಬದುಕುತ್ತಾಳೆ, ಕಪ್ಪು ಬಿದ್ದರೆ ಇಲ್ಲ. ಕಪ್ಪು ಬಿದ್ದಾಗೆಲ್ಲ ಆಟ ತಪ್ಪಾಯಿತೆಂದು ಮತ್ತೆ ಹಾಕುತ್ತಿದ್ದೆ. ದೇವರ ಹತ್ತಿರ ನಾನು ಮಾಡಿದ ಮೊದಲ ಚೌಕಾಸಿ ಅದು.

ಹೊತ್ತು ಇಳಿಯುವಾಗ ಮೇಡಂ ಹೊರಗೆ ಬಂದರು. ಗರ್ಭಕೋಶ ಒಡೆದಿರಲಿಲ್ಲ, ತೆಗೆದಾಗಿತ್ತು. ಆದರೆ ಸಿಂಗಾರಿ ಎಚ್ಚರವಾಗಿ ಉಚ್ಚೆ ಹೊಯ್ಯಬೇಕು, ಆಗಲೇ ನಂಬಿಕೆ. ಅಜ್ಜಿ ಆಸ್ಪತ್ರೆಯ ನಲ್ಲಿಯಲ್ಲಿ ಒಂದು ತಟ್ಟೆ ತುಂಬ ನೀರು ಹಿಡಿದುಕೊಂಡು ಅವಳ ಪಕ್ಕ ಕೂತಳು.

"ಈಗ್ಲೇ ಕೊಡ್ಬೇಡಿ ಅಜ್ಜಿ. ಮತ್ತಿನ ಮದ್ದು ಇಳೀಬೇಕು, ಇಲ್ದಿದ್ರೆ ಗಂಟ್ಲಿಗೆ ಸಿಕ್ಕೊಂತದೆ."

ಅಜ್ಜಿ ತಟ್ಟೆಯನ್ನು ಕೆಳಗಿಡಲಿಲ್ಲ. ನೀರು ಸೀರೆಗೆ ತುಳುಕುತ್ತಿತ್ತು. ಮೇಡಂ ಆ ಕಡೆ ಹೋದರೆ "ಈಗ ಕೊಡ್ಲಾ ಕಣಮ್ಮಾ?" ಈ ಕಡೆ ಬಂದರೆ "ಈಗ?" ಸಿಂಗಾರಿಯ ಕಣ್ಣು ತೆರೆದು ಮುಚ್ಚಿ, ಮತ್ತೆ ತೆರೆಯಿತು. ತಲೆ ಎತ್ತಲು ನೋಡಿ ಬಿದ್ದಳು. ಆಮೇಲೆ ಅವಳ ಕೆಳಗೆ ಹಾಸಿದ್ದ ಬಟ್ಟೆ ನಿಧಾನಕ್ಕೆ ಒದ್ದೆಯಾಯಿತು. ಅಪ್ಪ ಎದ್ದು ನಿಂತು, "ಹೊಯ್ದ್ಲು! ಮೇಡಂ, ಹೊಯ್ದ್ಲು!" ಎಂದು ಲಾಟರಿ ಹೊಡೆದವನ ಹಾಗೆ ಕೂಗಿದ. ಮೇಡಂ ಬಂದು ನೋಡಿ, ಅಜ್ಜಿಗೆ ತಲೆಯಾಡಿಸಿದರು. "ಸ್ವಲ್ಪ ಸ್ವಲ್ಪ."

ಸಿಂಗಾರಿ ನಾಲ್ಕು ಸಲ ನಾಲಿಗೆ ಅದ್ದಿದಳು. ಅಷ್ಟೇ. ಅಜ್ಜಿ ಆ ತಟ್ಟೆಯ ಮೇಲೆ ಮುಖ ಬಗ್ಗಿಸಿ ಅತ್ತಳು.

ಸಿಂಗಾರಿಯನ್ನು ಕರೆದುಕೊಂಡು ಮನೆಗೆ ಬಂದ ದಿನ, ಅಜ್ಜಿ ಕಾಲು ತೊಳೆದವಳೇ ಅಡುಗೆಮನೆಗೆ ಹೋದಳು. ದೊಡ್ಡ ಚೊಂಬು ತುಂಬ ನೀರು ತಂದು ಗಿರಿಜತ್ತೆಯ ಮಂಚದ ಪಕ್ಕ ಇಟ್ಟಳು. ಅತ್ತೆ ಚೊಂಬನ್ನೂ ಅವ್ವನನ್ನೂ ನೋಡಿದಳು.

"ಹೊಟ್ಟೆ ಬರ್ತದೇನೋ ಕಣವ್ವ," ಎಂದಳು, ಚುಚ್ಚಲೆಂದೇ.

"ಬಂದ್ರೆ ಬರ್ಲಿ. ಕುಡಿ."

ಅತ್ತೆ ಚೊಂಬೆತ್ತಿ ಒಂದೇ ಉಸಿರಿಗೆ ಕುಡಿದಳು. ಗಂಟಲಲ್ಲಿ ಗಟಗಟ ಸದ್ದಾಗುತ್ತಿದ್ದರೆ ಅಜ್ಜಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಖಾಲಿ ಚೊಂಬು ತೆಗೆದುಕೊಂಡು ಮತ್ತೆ ತುಂಬಿಸಲು ಹೋದಳು.

ನಾನೀಗ ಹಿಂದೂಪುರದ ಮಾರುಕಟ್ಟೆಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತೇನೆ. ಯಾರ ಆಸರೆಯೂ ಇಲ್ಲದೆ ಬೆಳೆಸಿಕೊಂಡ ಅಂಗಡಿ. ಚೌಕಾಸಿಯಲ್ಲಿ ಅಪ್ಪನನ್ನೂ ಮೀರಿಸಿದ್ದೇನೆ ಎನ್ನುತ್ತಾರೆ. ನಾಯಿ ಸಾಕಿದವರು ಅಂಗಡಿಗೆ ಬಂದರೆ ತೂಕ ಹಾಕುವ ಮೊದಲು ಕೇಳುತ್ತೇನೆ, ಹೆಣ್ಣೋ ಗಂಡೋ, ಆಪರೇಷನ್ ಆಯಿತೋ ಎಂದು. ಮರಿ ಬೇಡವೆಂದರೆ ಬಾಗಿಲು ಹಾಕಬೇಡಿ, ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಿ, ಗರ್ಭಕೋಶವೇ ಇಲ್ಲದಿದ್ದರೆ ಕೀವೂ ಇಲ್ಲ ಎನ್ನುತ್ತೇನೆ. ಕಾಯಿಲೆ ಬಂದ ಮೇಲೆ ಚೌಕಾಸಿಗೆ ಜಾಗವಿಲ್ಲ, ನಮ್ಮಪ್ಪನಿಗೇ ಇರಲಿಲ್ಲ. ಕೆಲವರು ನಗುತ್ತಾರೆ, ಕೆಲವರು ಮಾಡಿಸುತ್ತಾರೆ.

ನನ್ನ ಅಂಗಡಿಯ ನಾಯಿಗೂ ಮಾಡಿಸಿದ್ದೇನೆ. ಅವಳಿಗೆ ಚುಚ್ಚುಮದ್ದು, ಅಂಗಡಿಯಿಂದ ತಂದ ಆಹಾರ, ಎಲ್ಲ ವೇಳೆಗೆ ಸರಿಯಾಗಿ. ಒಂದು ತಪ್ಪೂ ಆಗುವುದಿಲ್ಲ. ಆದರೆ ಅವಳು ಈದಳೆಂದು ನಂಬಿ ಮೆಣಸಿನ ಸಾರು ಕಾಯಿಸುವವರು ಈಗ ಯಾರೂ ಇಲ್ಲ. ಮಗಳ ಪಾಲಿನದನ್ನೇ ನಾಯಿಗೂ ಬಗ್ಗಿಸಿದ ಆ ಕೈ ಹೋಗಿ ಎಷ್ಟೋ ವರ್ಷವಾಯಿತು. ಬೇಸಿಗೆಯ ಮಧ್ಯಾಹ್ನ ಬೀದಿಯಲ್ಲಿ ಎಲ್ಲಾದರೂ ಬಾನಿ ಕಲ್ಲಿಗೆ ಉಜ್ಜಿದ ಸದ್ದು ಕೇಳಿದರೆ, ಗಿರಾಕಿಯನ್ನು ಮಾತಿನ ನಡುವೆಯೇ ಬಿಟ್ಟು ಎದ್ದು ಹೋಗಿ ನೋಡುತ್ತೇನೆ.